ದೋಣಿಯೇ ಮನೆ, ದೋಣಿಯೇ ಶಾಲೆ

(ಸಂಘದ ವಾರ್ಷಿಕ ಮಹಾಸಭೆಯ ಅಂಗವಾಗಿ ನಡೆದ ಪೋಷಕರ ಮತ್ತು ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಕಾರ್ಯದರ್ಶಿಗಳು ನನಗೆ ಕೊಟ್ಟ ವಿಷಯ 'ಮಕ್ಕಳ ಶಿಕ್ಷಣದಲ್ಲಿ ಪೋಷಕರ ಪಾತ್ರ'. ಈ ವಿಷಯದ ಮೇಲೆ ನೀವು ಪ್ರತಿವರ್ಷ ಒಂದಲ್ಲ ಒಂದು ಭಾಷಣ ಕೇಳಿದ್ದೀರಿ. ಭಾಷಣ ಮಾಡಿದವರೆಲ್ಲ ನನಗಿಂತ ಹೆಚ್ಚು ಓದಿದವರು. ನಾನು ಶಿಕ್ಷಣ ತಜ್ಞನಲ್ಲ. ಇಪ್ಪತ್ತೆರಡು ವರ್ಷ ಸರಕು ಹಡಗುಗಳ ಎಂಜಿನ್ ರೂಮಿನಲ್ಲಿ ದುಡಿದವನು. ನನಗೆ ಗೊತ್ತಿರುವುದು ಕಡಲು ಮಾತ್ರ. ಆದ್ದರಿಂದ ಅಧ್ಯಕ್ಷರ ಅನುಮತಿ ಪಡೆದು ಅದೇ ವಿಷಯವನ್ನು ಕಡಲಿನ ಕಡೆಯಿಂದ ಹೇಳಲು ಪ್ರಯತ್ನಿಸುತ್ತೇನೆ.

ಒಮ್ಮೆ ನಮ್ಮ ಹಡಗು ಪನಾಮಾ ಕಾಲುವೆ ದಾಟಲು ಸರದಿಗಾಗಿ ಕಾಯುತ್ತಿತ್ತು. ಬೆಳಿಗ್ಗೆ ಗಾಳಿಗೆಂದು ಡೆಕ್ಕಿಗೆ ಬಂದಾಗ ಸ್ವಲ್ಪ ದೂರದಲ್ಲಿ ಒಂದು ಪುಟ್ಟ ಹಾಯಿದೋಣಿ ಲಂಗರು ಹಾಕಿ ನಿಂತಿತ್ತು. ನಮ್ಮ ಮೀನುಗಾರಿಕೆಯ ಟ್ರಾಲ್ ಬೋಟಿಗಿಂತ ಚಿಕ್ಕದು. ಅದರ ಸುತ್ತಲಿನ ತಂತಿಗೆ ಮಗುವಿನ ಬಟ್ಟೆಗಳನ್ನು ಒಣಹಾಕಿದ್ದರು. ಒಬ್ಬ ಹೆಂಗಸು ಹಲಗೆಯ ಮೇಲೆ ತರಕಾರಿ ಹೆಚ್ಚುತ್ತಿದ್ದಳು. ಪಕ್ಕದಲ್ಲಿ ಏಳೆಂಟು ವರ್ಷದ ಹುಡುಗ ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಿದ್ದ. ಅವನ ಸೊಂಟಕ್ಕೆ ಹಗ್ಗ ಕಟ್ಟಿತ್ತು, ನಮ್ಮಲ್ಲಿ ಕರುವನ್ನು ಕಟ್ಟುವ ಹಾಗೆ. ಇವರು ಎಲ್ಲಿಗೆ ಹೋಗುವವರು ಎಂದು ನಮ್ಮ ಚೀಫ್ ಆಫೀಸರನ್ನು ಕೇಳಿದೆ. "ಪೆಸಿಫಿಕ್ ಸಾಗರ ದಾಟುತ್ತಾರೆ, ಇದೇ ಅವರ ಮನೆ" ಎಂದರು. ಆ ದಿನ ನನಗೆ ನಗು ಬಂತು. ಮನೆಯಲ್ಲಿ ನನ್ನ ಮಗಳಿಗೆ ಆಗ ಆರು ವರ್ಷ. ಅವಳು ಓದುವುದನ್ನು ನಾನು ಒಂದು ದಿನವೂ ಕುಳಿತು ಕೇಳಿರಲಿಲ್ಲ ಎಂಬುದು ನೆನಪಾದದ್ದು ಬಹಳ ತಡವಾಗಿ.

ದೋಣಿಯಲ್ಲಿ ಸಂಸಾರ ಹೂಡುವುದು ಬಿಳಿಯರ ಹೊಸ ಹುಚ್ಚು ಎಂದು ಭಾವಿಸಬೇಡಿ. 14ನೇ ಶತಮಾನದಲ್ಲಿ ನಮ್ಮ ಕರಾವಳಿಗೆ ಬಂದ ಇಬ್ನ್ ಬತೂತಾ ಕಲ್ಲಿಕೋಟೆಯಲ್ಲಿ ಚೀನಾದ ದೊಡ್ಡ ಹಡಗುಗಳನ್ನು ಕಂಡಿದ್ದ. ಅವುಗಳಲ್ಲಿ ನಾವಿಕರ ಮಕ್ಕಳೂ ವಾಸವಾಗಿದ್ದರೆಂದೂ ಅಲ್ಲಿ ಮರದ ತೊಟ್ಟಿಗಳಲ್ಲಿ ಸೊಪ್ಪು, ತರಕಾರಿ, ಶುಂಠಿ ಬೆಳೆಯುತ್ತಿದ್ದರೆಂದೂ ಬರೆದಿದ್ದಾನೆ. ಅದೇ ಪ್ರಯಾಣಿಕ ನಮ್ಮ ಹೊನ್ನಾವರದ ಬಗ್ಗೆ ಬರೆದದ್ದನ್ನು ಈ ಸಭೆ ವಿಶೇಷವಾಗಿ ಕೇಳಬೇಕು. ಅಲ್ಲಿ ಗಂಡುಮಕ್ಕಳಿಗೆ 23 ಶಾಲೆಗಳೂ ಹೆಣ್ಣುಮಕ್ಕಳಿಗೆ 13 ಶಾಲೆಗಳೂ ಇದ್ದುವಂತೆ. ಹೆಣ್ಣುಮಕ್ಕಳ ಶಿಕ್ಷಣಕ್ಕೆ ಈಗಷ್ಟೇ ಎಚ್ಚೆತ್ತವರಂತೆ ನಾವು ಮಾತನಾಡುವಾಗ ಈ 13 ಎಂಬ ಸಂಖ್ಯೆ ನನಗೆ ನೆನಪಾಗುತ್ತದೆ.

ಇನ್ನೊಂದು ಮಾತು. ಅರಬಿ ನಾವಿಕರಲ್ಲಿ ಹಡಗಿಗೆ ದಾರಿ ತೋರಿಸುವವನನ್ನು 'ಮುಅಲ್ಲಿಂ' ಎನ್ನುತ್ತಿದ್ದರು. ನಮ್ಮ ಮದ್ರಸದಲ್ಲಿ ಅಲಿಫ್ ಬಾ ಕಲಿಸುವವರೂ ಮುಅಲ್ಲಿಮರೇ. ಪದ ಒಂದೇ. 15ನೇ ಶತಮಾನದ ಪ್ರಸಿದ್ಧ ನಾವಿಕ ಅಹ್ಮದ್ ಇಬ್ನ್ ಮಾಜಿದ್ ಇಂದಿನ ರಾಸ್ ಅಲ್ ಖೈಮಾ ಬಳಿಯ ಜುಲ್ಫಾರಿನವನು. ಅವನ ತಂದೆಯೂ ಅಜ್ಜನೂ ಮುಅಲ್ಲಿಮರೇ. ನಕ್ಷತ್ರ ನೋಡಿ ದಾರಿ ಹಿಡಿಯುವ ವಿದ್ಯೆ ಅವನಿಗೆ ಮನೆಯಿಂದಲೇ ಬಂತು. (ವಾಸ್ಕೋ ಡ ಗಾಮನಿಗೆ ದಾರಿ ತೋರಿಸಿದವನು ಇವನೇ ಎಂದು ನಾವು ಶಾಲೆಯಲ್ಲಿ ಓದಿದ್ದೆವು. ಅದನ್ನು ಇತಿಹಾಸಕಾರರು ಈಗ ಒಪ್ಪುವುದಿಲ್ಲ. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬರೆಯುವಾಗ ಎಚ್ಚರವಿರಲಿ.)

ಈಗ ನಾನು ಹೇಳಬೇಕೆಂದಿರುವ ಮುಖ್ಯ ಕಥೆಗೆ ಬರುತ್ತೇನೆ. ಕಥೆಯೆಂದರೆ ಕಟ್ಟುಕಥೆಯಲ್ಲ, ನಡೆದದ್ದು.

ಇಂಗ್ಲೆಂಡಿನ ಸ್ಟಾಫರ್ಡ್‌ಶೈರಿನಲ್ಲಿ ಡೂಗಲ್ ರಾಬರ್ಟ್‌ಸನ್ ಎಂಬವರು ಹಸು ಸಾಕಿ ಹಾಲು ಮಾರಿ ಜೀವಿಸುತ್ತಿದ್ದರು. ಹಿಂದೆ ವ್ಯಾಪಾರಿ ಹಡಗಿನಲ್ಲಿ ಅಧಿಕಾರಿಯಾಗಿದ್ದವರು. ಹೆಂಡತಿ ಲಿನ್ ನರ್ಸ್. ಹಿರಿಯ ಮಗಳು, ಒಬ್ಬ ಮಗ, ಮತ್ತೆ ಅವಳಿ ಹುಡುಗರು. 1968ರಲ್ಲಿ ಒಂದು ಭಾನುವಾರ ಬೆಳಿಗ್ಗೆ ರೇಡಿಯೋದಲ್ಲಿ ಪ್ರಪಂಚ ಸುತ್ತುವ ದೋಣಿ ಸ್ಪರ್ಧೆಯ ಸುದ್ದಿ ಬಂತು. ಅವಳಿಗಳಲ್ಲೊಬ್ಬ, ಅಪ್ಪ ನಾವಿಕನಲ್ಲವೇ, ನಾವೂ ಯಾಕೆ ಹೋಗಬಾರದು ಎಂದು ಕೇಳಿದ. ಮಕ್ಕಳು ಇಂತಹ ಮಾತು ದಿನಕ್ಕೆ ಹತ್ತು ಹೇಳುತ್ತವೆ, ನಾವು ಹೂಂ ಎಂದು ಸುಮ್ಮನಾಗುತ್ತೇವೆ. ಈ ತಂದೆ ಸುಮ್ಮನಾಗಲಿಲ್ಲ. ಫಾರ್ಮ್ ಮಾರಿದರು. 1922ರಲ್ಲಿ ಕಟ್ಟಿದ 43 ಅಡಿ ಉದ್ದದ ಮರದ ಹಾಯಿದೋಣಿಯೊಂದನ್ನು ಕೊಂಡರು. ಅದರ ಹೆಸರು 'ಲುಸೆಟ್'. 1971ರ ಜನವರಿ 27ರಂದು ಫಾಲ್ಮತ್ ಬಂದರಿನಿಂದ ಇಡೀ ಸಂಸಾರ ಹೊರಟಿತು.

ನಡು ಚಳಿಗಾಲ. ಹೊರಟೊಡನೆ ಬಿಸ್ಕೆ ಕೊಲ್ಲಿಯ ಬಿರುಗಾಳಿ. ಹಿರಿಯ ಮಗ ಡಗ್ಲಸ್ ದೊಡ್ಡವನಾದ ಮೇಲೆ ಹೇಳಿಕೊಂಡ ಮಾತೊಂದಿದೆ. ತಂದೆ ಇಷ್ಟೆಲ್ಲ ಯೋಜನೆ ಹಾಕಿದರೂ ಹೊರಡುವ ಮೊದಲು ಒಂದು ಸಲವಾದರೂ ಮಕ್ಕಳನ್ನು ಕೂರಿಸಿಕೊಂಡು ಕಡಲಿನಲ್ಲಿ ಒಂದು ಸುತ್ತು ಹಾಕಿಸಿರಲಿಲ್ಲವಂತೆ. ಮದುವೆಗೆ ಸಾವಿರ ಜನರಿಗೆ ಬಿರಿಯಾನಿ ಮಾಡುವವನು ಮೊದಲು ಮನೆಯಲ್ಲಿ ಒಂದು ಸೇರು ಅಕ್ಕಿಯಾದರೂ ಬೇಯಿಸಿ ನೋಡಬೇಡವೇ?

ಒಂದೂವರೆ ವರ್ಷ ಎಲ್ಲವೂ ಚೆನ್ನಾಗಿಯೇ ನಡೆಯಿತು. ಅಟ್ಲಾಂಟಿಕ್ ದಾಟಿದರು. ಮಗಳು ಬಹಾಮಾಸ್‌ನಲ್ಲಿ ಇಳಿದುಕೊಂಡಳು. ಪನಾಮಾದಲ್ಲಿ ರಾಬಿನ್ ವಿಲಿಯಮ್ಸ್ ಎಂಬ ಯುವಕ ಸೇರಿಕೊಂಡ. 1972ರ ಜೂನ್ 15ರಂದು, ಗಲಾಪಗೋಸ್ ದ್ವೀಪಗಳಿಂದ ಸುಮಾರು 200 ಮೈಲಿ ಪಶ್ಚಿಮದಲ್ಲಿ, ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ಓರ್ಕಾ ತಿಮಿಂಗಿಲಗಳು ಕೆಳಗಿನಿಂದ ದೋಣಿಗೆ ಬಂದು ಹೊಡೆದುವು. ಕೆಲವೇ ನಿಮಿಷಗಳಲ್ಲಿ ಲುಸೆಟ್ ಮುಳುಗಿತು. ಆರು ಜನರಿಗೆ ಉಳಿದದ್ದು ಗಾಳಿ ತುಂಬಿದ ಒಂದು ರಾಫ್ಟ್, ಸುಮಾರು ಮೂರು ಮೀಟರ್ ಉದ್ದದ 'ಎಡ್ನಮೇರ್' ಎಂಬ ಪುಟ್ಟ ದೋಣಿ, ಹತ್ತು ದಿನಕ್ಕೆ ಸಾಲುವ ನೀರು, ಸ್ವಲ್ಪ ಬಿಸ್ಕತ್ತು, ಒಂದು ಚೀಲ ಈರುಳ್ಳಿ, ಕೆಲವು ಕಿತ್ತಳೆ ಮತ್ತು ನಿಂಬೆ, ಅಡುಗೆಮನೆಯ ಒಂದು ಚಾಕು, ತಾಯಿಯ ಹೊಲಿಗೆ ಬುಟ್ಟಿ.

ಮೊದಲ ವಾರದಲ್ಲಿ ಒಂದು ಹಡಗು ಕಂಡಿತು. ಬೆಂಕಿಯ ಸಂಕೇತ ಹಾರಿಸಿದರು. ಹಡಗಿನವರು ನೋಡಲಿಲ್ಲ, ಹೋಗಿಯೇ ಬಿಟ್ಟರು. ಆಗ ಡೂಗಲ್ ತೀರ್ಮಾನಿಸಿದರು: ಇನ್ನು ಯಾರೋ ಬಂದು ಉಳಿಸುತ್ತಾರೆಂದು ಕಾಯುವುದಲ್ಲ, ನಾವೇ ಬದುಕಿ ದಡ ಸೇರಬೇಕು. ಮಳೆ ಬೀಳುವ ಉತ್ತರದ ಕಡೆಗೆ, ಅಲ್ಲಿಂದ ಮಧ್ಯ ಅಮೆರಿಕದ ಕರಾವಳಿಗೆ ಎಂದು ಗುರಿಯಿಟ್ಟರು. ಕೈಯಲ್ಲಿ ನಕ್ಷೆಯಿಲ್ಲ, ದಿಕ್ಸೂಚಿಯಿಲ್ಲ. ತಲೆಯಲ್ಲಿದ್ದ ವಿದ್ಯೆ ಇತ್ತು, ಮೇಲೆ ನಕ್ಷತ್ರಗಳಿದ್ದುವು. ಹದಿನೇಳು ದಿನಗಳ ಹೊತ್ತಿಗೆ ರಾಫ್ಟ್ ಕೆಟ್ಟುಹೋಯಿತು. ಆರೂ ಜನ ಆ ಪುಟ್ಟ ದೋಣಿಗೆ ಬಂದರು. ಒಬ್ಬರು ಕೂತ ಜಾಗದಿಂದ ಕದಲಿದರೆ ಇನ್ನೊಬ್ಬರು ಸರಿದೂಗಿಸಿ ಕೂರಬೇಕು, ಇಲ್ಲದಿದ್ದರೆ ನೀರು ಒಳಗೆ.

ಕಡಲಾಮೆ ಹಿಡಿದು ತಿಂದರು. ಹಾರುವ ಮೀನು ದೋಣಿಗೆ ಬಿದ್ದರೆ ಹಂಚಿಕೊಂಡರು. ನೀರಿಲ್ಲದ ದಿನ ಆಮೆಯ ರಕ್ತ ಕುಡಿದರು. (ಹಲಾಲ್ ಹರಾಮಿನ ಪ್ರಶ್ನೆ ನನ್ನನ್ನು ಕೇಳಬೇಡಿ, ಉಸ್ತಾದರು ಇಲ್ಲೇ ಕುಳಿತಿದ್ದಾರೆ. ಪ್ರಾಣಕ್ಕೆ ಬಂದ ಅನಿವಾರ್ಯದ ಅಧ್ಯಾಯ ಅವರಿಗೆ ಗೊತ್ತು.) ದೋಣಿಯ ತಳದಲ್ಲಿ ನಿಂತಿದ್ದ ಮಳೆನೀರು ಕುಡಿಯಲು ಆಗದಷ್ಟು ಹೊಲಸಾದಾಗ ನರ್ಸ್ ಆಗಿದ್ದ ತಾಯಿ ಅದನ್ನೇ ಎನಿಮಾದ ಮೂಲಕ ಮಕ್ಕಳ ದೇಹಕ್ಕೆ ಸೇರಿಸಿದಳು. ಇಂತಹ ಉಪಾಯ ಹೊಳೆಯಲು ಆಕೆ ಎಂದೋ ಆಸ್ಪತ್ರೆಯ ವಾರ್ಡಿನಲ್ಲಿ ಕಲಿತಿರಬೇಕಿತ್ತು. ಹಸಿವು ಮರೆಯಲೆಂದು ಎಲ್ಲರೂ ಕೂಡಿ ಊರಿಗೆ ಹೋದ ಮೇಲೆ ತೆರೆಯಬೇಕಾದ ಹೋಟೆಲಿನ ಯೋಜನೆ ಹಾಕುತ್ತಿದ್ದರು. ಅದಕ್ಕೆ 'ಡೂಗಲನ ಅಡುಗೆಮನೆ' ಎಂದು ಹೆಸರಿಟ್ಟಿದ್ದರು. ಯಾವ ದಿನ ಯಾವ ಪದಾರ್ಥ ಎಂಬುದನ್ನೂ ಚರ್ಚಿಸುತ್ತಿದ್ದರು.

38ನೇ ದಿನ, ಜುಲೈ 23ರಂದು, 'ತೋಕಾ ಮಾರು' ಎಂಬ ಜಪಾನೀ ಮೀನುಗಾರಿಕಾ ಹಡಗು ಅವರನ್ನು ಕಂಡಿತು. ಆರು ಜನರೂ ಬದುಕಿದ್ದರು. ಆ ಹೊತ್ತಿಗೆ ಅವರ ಬಳಿ ಒಣಗಿಸಿದ ಆಮೆಯ ಮಾಂಸವೂ ನೀರೂ ಸ್ವಲ್ಪ ಉಳಿಕೆಯಿತ್ತು.

ಈ ಕಥೆಯನ್ನು ಕೇಳಿದವರು ಸಾಮಾನ್ಯವಾಗಿ ಎರಡು ಪಕ್ಷವಾಗುತ್ತಾರೆ. ಎಂತಹ ಧೈರ್ಯಶಾಲಿ ತಂದೆ ಎನ್ನುವವರು ಕೆಲವರು. ಮಕ್ಕಳನ್ನು ಸಾವಿನ ಬಾಯಿಗೆ ಒಯ್ದ ಮೂರ್ಖ ಎನ್ನುವವರು ಕೆಲವರು. ನನ್ನ ಅಭಿಪ್ರಾಯ ಕೇಳಿದರೆ ಎರಡೂ ನಿಜ. ಮಕ್ಕಳು ನಮ್ಮ ಬಳಿ ಇರುವ ಅಮಾನತ್ತು. ಅಮಾನತ್ತನ್ನು ಹೊತ್ತು ಚಳಿಗಾಲದ ಕಡಲಿಗೆ ಅಭ್ಯಾಸವಿಲ್ಲದೆ ಇಳಿದದ್ದು ತಪ್ಪು. ತವಕ್ಕುಲ್ ಎಂದರೆ ಒಂಟೆಯನ್ನು ಬಿಚ್ಚಿ ಬಿಡುವುದಲ್ಲ ಎಂದು ನಮಗೆ ಚಿಕ್ಕಂದಿನಿಂದ ಕಲಿಸಿದ್ದಾರೆ. ಆದರೆ ಆ ಮಕ್ಕಳು ಉಳಿದದ್ದೂ ಅದೇ ತಂದೆ ತಾಯಿ ಕಲಿತಿದ್ದ ವಿದ್ಯೆಯಿಂದ. ಒಬ್ಬರಿಗೆ ಕಡಲು ಗೊತ್ತಿತ್ತು, ಇನ್ನೊಬ್ಬರಿಗೆ ದೇಹ ಗೊತ್ತಿತ್ತು. ಓದಿದ ತಾಯಿಯಿಂದ ಮನೆಗೆ ಏನು ಲಾಭ ಎಂದು ಈಗಲೂ ಕೇಳುವವರು ನಮ್ಮಲ್ಲಿದ್ದಾರೆ. ಅವರಿಗೆ ನಾನು ಈ ಒಂದು ದೋಣಿಯನ್ನು ತೋರಿಸುತ್ತೇನೆ.

ಸರಿಯಾಗಿ ಸಿದ್ಧತೆ ಮಾಡುವವರು ಹೇಗೆ ಮಾಡುತ್ತಾರೆ? ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದರಲ್ಲೇ ಪಾಠವಿದೆ. ಮೊದಲು ವಾರದ ಕೊನೆಯ ಎರಡು ದಿನ ದೋಣಿಯಲ್ಲಿ ಮಲಗಿ ನೋಡುತ್ತಾರೆ. ಆಮೇಲೆ ಒಂದು ವಾರ, ಒಂದು ತಿಂಗಳು. ಯಾವ ಮಗುವಿಗೆ ವಾಂತಿ ಬರುತ್ತದೆ, ಯಾರು ಕತ್ತಲೆಗೆ ಹೆದರುತ್ತಾರೆ, ಗಂಡ ಹೆಂಡತಿ ಎಷ್ಟು ದಿನಕ್ಕೊಮ್ಮೆ ಜಗಳವಾಡುತ್ತಾರೆ, ಎಲ್ಲವೂ ದಡದ ಹತ್ತಿರವೇ ಗೊತ್ತಾಗಬೇಕು. ಡೆಕ್ಕಿನ ಸುತ್ತ ಬಲೆ ಕಟ್ಟುತ್ತಾರೆ. ಮಲಗುವ ಹಲಗೆಗೆ ಬಟ್ಟೆಯ ತಡೆ ಹಾಕುತ್ತಾರೆ, ದೋಣಿ ವಾಲಿದಾಗ ಮಗು ಉರುಳದಿರಲಿ ಎಂದು. ಕ್ಯಾಬಿನ್ನಿನ ಬಾಗಿಲು ದಾಟುವ ಮೊದಲು ಲೈಫ್ ಜಾಕೆಟ್ ಹಾಕಿ ಸೊಂಟದ ಪಟ್ಟಿಯನ್ನು ಹಗ್ಗಕ್ಕೆ ಸಿಕ್ಕಿಸಬೇಕು. ಇದು ಮನೆಯ ಮೊದಲ ಕಾನೂನು, ಅಪ್ಪನಿಗೂ ವಿನಾಯಿತಿಯಿಲ್ಲ. ನಾನು ಕಂಡ ಹುಡುಗನ ಸೊಂಟದ ಹಗ್ಗದ ಅರ್ಥ ಇದು.

ಆಮೇಲೆ ಲೆಕ್ಕ. ಏಳನೇ ತರಗತಿಯವರು ಪೆನ್ಸಿಲ್ ತೆಗೆಯಿರಿ. ಗಲಾಪಗೋಸಿನಿಂದ ಮಾರ್ಕೇಸಸ್ ದ್ವೀಪಗಳಿಗೆ ಸುಮಾರು 3000 ನಾಟಿಕಲ್ ಮೈಲಿ. ದೋಣಿಯ ವೇಗ ಗಂಟೆಗೆ 5 ಮೈಲಿ. ದಿನಕ್ಕೆ 120. ಅಂದರೆ 25 ದಿನ. ಗಾಳಿ ನಿಂತರೆ ಎಂದು ಇನ್ನೂ ಹತ್ತು ದಿನ ಸೇರಿಸಿ. ನಾಲ್ಕು ಜನ, ತಲೆಗೆ ದಿನಕ್ಕೆ 3 ಲೀಟರ್ ನೀರು. 35 ದಿನಕ್ಕೆ 420 ಲೀಟರ್. ಇದು ಕುಡಿಯಲು ಮತ್ತು ಅಡುಗೆಗೆ ಮಾತ್ರ, ಸ್ನಾನಕ್ಕಲ್ಲ. ಇಷ್ಟು ನೀರನ್ನು ಒಂದೇ ತೊಟ್ಟಿಯಲ್ಲಿ ಇಟ್ಟರೆ ತೊಟ್ಟಿ ಒಡೆದ ದಿನ ಎಲ್ಲವೂ ಹೋಯಿತು. ಹಾಗಾಗಿ ಎರಡು ಮೂರು ಕಡೆ ಇಡುತ್ತಾರೆ. ಹೊರಡುವ ತಿಂಗಳೂ ಲೆಕ್ಕದಿಂದಲೇ. ದಕ್ಷಿಣ ಪೆಸಿಫಿಕ್‌ನಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. ನಮ್ಮ ಹಳೆ ಬಂದರಿನ ಮಂಜಿಗಳೂ ಮಳೆಗಾಲದಲ್ಲಿ ಲಕ್ಷದ್ವೀಪಕ್ಕೆ ಹೊರಡುವುದಿಲ್ಲವಲ್ಲ.

ಶಾಲೆಯ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಅಂಚೆಯ ಮೂಲಕ ಪಾಠ ಕಳಿಸುವ ಪದ್ಧತಿ ಹಳೆಯದು. ಅಮೆರಿಕದ ಬಾಲ್ಟಿಮೋರಿನ ಕಾಲ್ವರ್ಟ್ ಶಾಲೆ 1906ರಲ್ಲೇ ಮನೆಪಾಠ ಶುರುಮಾಡಿತ್ತು. ನ್ಯೂಜಿಲೆಂಡ್ ಸರಕಾರ 1922ರಲ್ಲಿ ದೂರದ ಮಕ್ಕಳಿಗಾಗಿ ಅಂಚೆ ಶಾಲೆ ತೆರೆಯಿತು. ನಮ್ಮ ದೇಶದಲ್ಲೂ 1989ರಿಂದ ರಾಷ್ಟ್ರೀಯ ಮುಕ್ತ ಶಾಲೆಯಿದೆ. ಶಾಲೆ ಬಿಟ್ಟ ನಮ್ಮ ಎಷ್ಟೋ ಮಕ್ಕಳಿಗೆ ಅದರ ವಿಷಯವೇ ತಿಳಿದಿಲ್ಲ. ಆದರೆ ಪುಸ್ತಕ ಬಂದ ಮಾತ್ರಕ್ಕೆ ಪಾಠವಾಗುವುದಿಲ್ಲ. ಬೆಳಿಗ್ಗೆ ಎರಡು ಮೂರು ಗಂಟೆ ತಂದೆಯೋ ತಾಯಿಯೋ ಪಕ್ಕದಲ್ಲಿ ಕೂರಬೇಕು. ರಾತ್ರಿಯೆಲ್ಲ ಸರದಿಯಲ್ಲಿ ಚುಕ್ಕಾಣಿ ಹಿಡಿದು ನಿದ್ದೆಗೆಟ್ಟವರು ಬೆಳಿಗ್ಗೆ ಮಗ್ಗಿ ಕೇಳಬೇಕು. ಇಂತಹ ಜೀವನಕ್ಕೆ ಇಳಿದ ಬಹಳಷ್ಟು ಜನ ಬಿರುಗಾಳಿಗಿಂತ ಮಕ್ಕಳ ಗಣಿತ ಪಾಠವೇ ಕಷ್ಟ ಎನ್ನುತ್ತಾರೆಂದರೆ ನನಗೆ ಆಶ್ಚರ್ಯವಿಲ್ಲ.

ಸರಕಾರಕ್ಕೂ ಇದರಲ್ಲಿ ಮಾತಿದೆ. ಲಾರಾ ಡೆಕ್ಕರ್ ಎಂಬ ಡಚ್ ಹುಡುಗಿ 1995ರಲ್ಲಿ ತಂದೆತಾಯಿಯ ಕಡಲಯಾನದ ನಡುವೆ ನ್ಯೂಜಿಲೆಂಡಿನಲ್ಲಿ ಹುಟ್ಟಿದವಳು. ಮೊದಲ ಕೆಲವು ವರ್ಷ ದೋಣಿಯಲ್ಲೇ ಬೆಳೆದಳು. 2009ರಲ್ಲಿ, ಹದಿಮೂರನೇ ವಯಸ್ಸಿಗೆ, ಒಬ್ಬಳೇ ಪ್ರಪಂಚ ಸುತ್ತುತ್ತೇನೆ ಎಂದಳು. ತಂದೆ ಒಪ್ಪಿದರು, ಮಕ್ಕಳ ರಕ್ಷಣಾ ಇಲಾಖೆ ಒಪ್ಪಲಿಲ್ಲ. ನ್ಯಾಯಾಲಯ ಅವಳನ್ನು ಅಧಿಕಾರಿಗಳ ಮೇಲ್ವಿಚಾರಣೆಗೆ ಒಪ್ಪಿಸಿತು. ಸುರಕ್ಷತೆ ಹೇಗೆ, ನಿದ್ದೆ ಹೇಗೆ, ಶಾಲೆ ಹೇಗೆ ಎಂದು ಸುಮಾರು ಒಂದು ವರ್ಷ ವಿಚಾರಣೆ ನಡೆಯಿತು. ಅವಳು ದೊಡ್ಡ ದೋಣಿ ಮಾಡಿಕೊಂಡಳು, ಪ್ರಥಮ ಚಿಕಿತ್ಸೆ ಕಲಿತಳು, ದೂರಶಿಕ್ಷಣಕ್ಕೆ ಸೇರಿದಳು. 2010ರ ಜುಲೈಯಲ್ಲಿ ನಿರ್ಬಂಧ ತೆಗೆದರು. ಆಗಸ್ಟಿನಲ್ಲಿ ಹೊರಟು 2012ರ ಜನವರಿ 21ರಂದು ಕೆರಿಬಿಯನ್‌ನಲ್ಲಿ ಪ್ರಯಾಣ ಮುಗಿಸಿದಾಗ ಅವಳಿಗೆ ಹದಿನಾರು. ನ್ಯಾಯಾಲಯ ತಡೆದದ್ದು ಅನ್ಯಾಯವೆಂದು ಆಗ ಬಹಳ ಜನ ಬರೆದರು. ನನಗೆ ಹಾಗೆನಿಸುವುದಿಲ್ಲ. ಆ ಒಂದು ವರ್ಷದ ತಡೆಯೇ ಅವಳ ಸಿದ್ಧತೆಯನ್ನು ಗಟ್ಟಿಮಾಡಿತು. ಮಗಳಿಗೆ ನಾವು ಬೇಡವೆನ್ನುವಾಗಲೂ ಹೀಗೆಯೇ ಇರಬೇಕು. 'ಬೇಡ' ಎಂದು ಬಾಗಿಲು ಹಾಕುವುದಲ್ಲ, 'ಇದನ್ನು ಕಲಿತು ಬಾ' ಎನ್ನುವುದು.

ಎಲ್ಲ ಸಿದ್ಧತೆ ಇದ್ದೂ ಸೋತವರಿದ್ದಾರೆ. 2014ರಲ್ಲಿ 'ರೆಬೆಲ್ ಹಾರ್ಟ್' ಎಂಬ ದೋಣಿಯಲ್ಲಿ ಅಮೆರಿಕದ ದಂಪತಿ ಮೂರು ಮತ್ತು ಒಂದು ವರ್ಷದ ಹೆಣ್ಣುಮಕ್ಕಳೊಂದಿಗೆ ಮೆಕ್ಸಿಕೋದಿಂದ ಹೊರಟರು. ವರ್ಷಗಟ್ಟಲೆ ತಯಾರಿ ಮಾಡಿದವರು. ದಡದಿಂದ ಸುಮಾರು 900 ಮೈಲಿ ದೂರದಲ್ಲಿ ಚಿಕ್ಕ ಮಗುವಿಗೆ ಜ್ವರ ಬಂತು, ಮೈಮೇಲೆ ಗುಳ್ಳೆ ಎದ್ದಿತು, ಕೊಟ್ಟ ಔಷಧಿ ನಾಟಲಿಲ್ಲ. ದೋಣಿಯೂ ಕೆಟ್ಟಿತು, ಉಪಗ್ರಹ ಫೋನೂ ನಿಂತಿತು. ಸಹಾಯ ಕೇಳಿದರು. ವಿಮಾನದಿಂದ ಸೈನಿಕರು ಪ್ಯಾರಾಚೂಟಿನಲ್ಲಿ ಕಡಲಿಗೆ ಧುಮುಕಿ ದೋಣಿ ಹತ್ತಿ ಮಗುವಿಗೆ ಚಿಕಿತ್ಸೆ ನೀಡಿದರು. ಆಮೇಲೆ ನೌಕಾಪಡೆಯ ಹಡಗು ಬಂದು ಎಲ್ಲರನ್ನೂ ಕರೆತಂದಿತು. ದೋಣಿಯನ್ನು ಅಲ್ಲೇ ಮುಳುಗಿಸಬೇಕಾಯಿತು. ಮಗು ಉಳಿಯಿತು, ಅಲ್‌ಹಮ್ದುಲಿಲ್ಲಾಹ್. ಊರಿಗೆ ಬಂದ ಆ ತಂದೆತಾಯಿಗೆ ಜನ ಬೈದ ಬೈಗುಳಕ್ಕೆ ಲೆಕ್ಕವಿಲ್ಲ. ಆದರೆ ಸಹಾಯ ಕೇಳಿದರೆ ದೋಣಿಯೂ ಮರ್ಯಾದೆಯೂ ಹೋಗುತ್ತದೆ ಎಂದು ಗೊತ್ತಿದ್ದೂ ಮಗುವಿಗಾಗಿ ಕೇಳಿದರಲ್ಲ, ಅದನ್ನು ನಾನು ಅವರ ಖಾತೆಯಲ್ಲಿ ಜಮಾ ಮಾಡುತ್ತೇನೆ. ಮಗ ಫೇಲಾದದ್ದನ್ನೋ ಕೆಟ್ಟ ಚಟಕ್ಕೆ ಬಿದ್ದದ್ದನ್ನೋ ಹೊರಗೆ ಹೇಳಲು ನಾಚಿಕೆಪಟ್ಟು ಕೈಮೀರುವ ತನಕ ಮುಚ್ಚಿಡುವ ಮನೆಗಳು ನಮ್ಮ ಜಮಾಅತಿನಲ್ಲೇ ಎಷ್ಟಿಲ್ಲ?

ಇಷ್ಟು ಹೇಳಿದ ಮೇಲೆ ಒಂದು ವಿಷಯ ಉಳಿಯಿತು. ಸಭೆಯಲ್ಲಿರುವ ಮಕ್ಕಳಲ್ಲಿ ಯಾರ ತಂದೆ ಗಲ್ಫ್‌ನಲ್ಲಿದ್ದಾರೋ ಅವರು ಕೈ ಎತ್ತಿ. ನೋಡಿ, ಅಧ್ಯಕ್ಷರೇ, ಅರ್ಧ ಸಭೆ. ನಾನು ಅವರ ತಂದೆಯರನ್ನು ದೂರುವುದಿಲ್ಲ. ನಾನೂ ಹಾಗೆಯೇ ದುಡಿದವನು. ಮನೆ ಕಟ್ಟಿದ್ದು, ಮಕ್ಕಳನ್ನು ಓದಿಸಿದ್ದು, ತಂಗಿಯರ ಮದುವೆ ಮಾಡಿದ್ದು ಆ ದುಡ್ಡಿನಿಂದಲೇ. ಈ ಸಂಘದ ಕಟ್ಟಡದಲ್ಲೂ ಆ ದುಡ್ಡಿದೆ. ನಮಗೆ ಸಾಗರ ದಾಟುವ ಹುಚ್ಚು ಇರಲಿಲ್ಲ, ಹೊಟ್ಟೆಪಾಡಿತ್ತು. ಆದರೂ ಕೇಳುತ್ತೇನೆ. ಅವರು 40 ಅಡಿ ದೋಣಿಯಲ್ಲಿ ಮಕ್ಕಳೊಡನೆ ದಿನದ 24 ಗಂಟೆ ಕಳೆದು ಅದಕ್ಕಾಗಿ ವರ್ಷಗಟ್ಟಲೆ ತಯಾರಾಗುತ್ತಾರೆ. ನಾವು ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆಯಲ್ಲಿ ಬರುತ್ತೇವೆ. ಆ ಎರಡು ತಿಂಗಳಿಗೆ ನಮ್ಮ ತಯಾರಿ ಏನು? ಪೆಟ್ಟಿಗೆ ತುಂಬ ಚಾಕಲೇಟು, ಅತ್ತರು, ಕಂಬಳಿ. ಬಂದ ಮೇಲೆ ಮದುವೆ, ಮುಂಜಿ, ಜಾಗದ ತಕರಾರು. ಮಗಳು ಯಾವ ತರಗತಿ ಎಂದು ನೆಂಟರು ಕೇಳಿದರೆ ಹೆಂಡತಿಯ ಮುಖ ನೋಡುತ್ತೇವೆ.

ನಾನು ನೋಡಿದ್ದೇನೆ. ಅದಕ್ಕೇ ಹೇಳುವ ಧೈರ್ಯ ಬಂತು. ನನ್ನ ಮಗಳು ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ ನಾನು ಊರಿನಲ್ಲಿದ್ದೆ. ಅವಳಿಗೆ ವಿಜ್ಞಾನ ಬೇಕಿತ್ತು. ನಾನು ಯಾರ ಮಾತೋ ಕೇಳಿ ಬೇಡವೆಂದೆ. "ಉಪ್ಪಾ, ನಿಮಗೆ ನನ್ನ ಮಾರ್ಕು ಗೊತ್ತಾ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಅವಳು ತಾನೇ ಹೇಳಿದಳು, ನಾನು ಒಪ್ಪಿದೆ. ಈಗ ಅವಳು ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಮೊಮ್ಮಗನಿಗೆ ಏಳು ವರ್ಷ. ದಿನವೂ ಮಗ್ರಿಬ್ ನಮಾಝ್ ಮುಗಿದ ಮೇಲೆ ಅವನು ನನ್ನ ಪಕ್ಕ ಕುಳಿತು ಗಟ್ಟಿಯಾಗಿ ಓದುತ್ತಾನೆ. ಕನ್ನಡ ಒಂದು ಪುಟ, ಇಂಗ್ಲಿಷ್ ಒಂದು ಪುಟ. ಅವನ ಸೊಂಟಕ್ಕೆ ಹಗ್ಗ ಕಟ್ಟಿಲ್ಲ, ಹಾಗಾಗಿ ಮಧ್ಯದಲ್ಲಿ ಎರಡು ಸಲ ಎದ್ದು ಓಡುತ್ತಾನೆ.

ಆ ಎಡ್ನಮೇರ್ ದೋಣಿಯನ್ನು ಇಂಗ್ಲೆಂಡಿನ ಫಾಲ್ಮತ್‌ನ ಕಡಲ ವಸ್ತುಸಂಗ್ರಹಾಲಯಕ್ಕೆ ಕೊಟ್ಟಿದ್ದಾರೆ. ಆರು ಜನ ಅದರಲ್ಲಿ ಹೇಗೆ ಕುಳಿತರು ಎಂದು ನೋಡಬೇಕಾದರೆ ನಾಳೆ ನಿಮ್ಮ ತರಗತಿಯ ಎರಡು ಬೆಂಚುಗಳನ್ನು ಜೋಡಿಸಿ ಆರು ಜನ ಕುಳಿತು ನೋಡಿ. ಅಸರ್ ಬಾಂಗ್‌ಗೆ ಇನ್ನು ಹತ್ತು ನಿಮಿಷವಿದೆ ಎಂದು ಕಾರ್ಯದರ್ಶಿಗಳು ಸನ್ನೆ ಮಾಡುತ್ತಿದ್ದಾರೆ. ವಿದ್ಯಾರ್ಥಿಗಳ ಪ್ರಶ್ನೆಗಳಿದ್ದರೆ ಕೇಳಬಹುದು. ಹೆಣ್ಣುಮಕ್ಕಳ ಕಡೆಯಿಂದ ಮೊದಲು ಬರಲಿ.